ಮಾಸು ಮೇಲೆ ಹೋಯಿತು ಅಂದರೆ ಸಾಕಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ. ನನಗೆ 29 ವರ್ಷ, ಇದು ಎರಡನೇ ಬಸಿರು. ನಾಲ್ಕು ವರ್ಷದ ಹಿಂದೆ ಮೊದಲ ಮಗು ಸಿಸೇರಿಯನ್ ಆಗಿ ಹುಟ್ಟಿತು. ಏಪ್ರಿಲ್ ಮೊದಲ ವಾರ 20 ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್) ಮಾಡಿಸಿದೆವು. ಮಗು ಚೆನ್ನಾಗಿದೆ ಎಂದರು. ಆದರೆ ರಿಪೋರ್ಟಿನಲ್ಲಿ ಮಾಸು ಹಿಂಭಾಗದಲ್ಲಿದೆ, ಗರ್ಭಕೋಶದ ಬಾಯಿಂದ 14 ಮಿ.ಮೀ. ದೂರ ಇದೆ, ಮುಂಭಾಗದಲ್ಲಿ ಸಕ್ಸೆಂಚುರಿಯೇಟ್ ಲೋಬ್ ಇದೆ, ಕಾರ್ಡ್ ಇನ್ಸರ್ಷನ್ ವೆಲಮೆಂಟಸ್ ಎಂದು ಬರೆದಿದ್ದಾರೆ. ಸ್ಕ್ಯಾನ್ ಡಾಕ್ಟರ್ ‘ವಾಸಾ ಪ್ರೀವಿಯಾ ಇರಬಹುದು, 32 ವಾರಕ್ಕೆ ಒಳಗಿನಿಂದ ಸ್ಕ್ಯಾನ್ ಮಾಡಬೇಕು’ ಎಂದರು. ಇನ್ನೊಬ್ಬ ಡಾಕ್ಟರಿಗೆ ತೋರಿಸಿದರೆ ‘ಮಾಸು ತಾನಾಗಿ ಮೇಲೆ ಹೋಗುತ್ತೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ’ ಎಂದರು. ಅತ್ತೆ ಹಾಸಿಗೆ ಬಿಟ್ಟು ಏಳಲೇ ಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ? ಒಳಗಿನ ಸ್ಕ್ಯಾನ್‌ನಿಂದ ಮಗುವಿಗೆ ತೊಂದರೆ ಇಲ್ವಾ? ಹೆರಿಗೆ ತಾರೀಕು ಆಗಸ್ಟ್ ಕೊನೆಗೆ ಕೊಟ್ಟಿದ್ದಾರೆ.

ಉತ್ತರ: ನೋಡಮ್ಮ, ನಿಮ್ಮ ಸ್ಕ್ಯಾನ್ ಮಾಡಿದವರು ತುಂಬಾ ಒಳ್ಳೆಯ ಕೆಲಸ ಮಾಡಿದ್ದಾರೆ. ಹೊಕ್ಕುಳಬಳ್ಳಿ ಮಾಸಿಗೆ ಎಲ್ಲಿ ಸೇರುತ್ತದೆ ಎಂದು ಹುಡುಕಿದ್ದಾರೆ. ಇನ್ನೊಂದು ಚಿಕ್ಕ ಮಾಸಿನ ತುಂಡು ಇರುವುದನ್ನೂ ಕಂಡುಹಿಡಿದಿದ್ದಾರೆ, ಸಕ್ಸೆಂಚುರಿಯೇಟ್ ಲೋಬ್ ಎಂದರೆ ಅದೇ. ಬಾಯಿಂದ ಎಷ್ಟು ದೂರ ಎಂದು ಮಿಲಿಮೀಟರಿನಲ್ಲಿ ಅಳೆದು ಬರೆದಿದ್ದಾರೆ. ಈ ಮೂರೂ ಇರುವ ರಿಪೋರ್ಟು ನನ್ನ ಮೇಜಿಗೆ ಅಪರೂಪಕ್ಕೆ ಬರುತ್ತದೆ. ಜಾಸ್ತಿ ರಿಪೋರ್ಟುಗಳಲ್ಲಿ ‘ಮಾಸು ಕೆಳಗಿದೆ’ ಅಥವಾ ‘ಮಾಸು ಸರಿಯಿದೆ’ ಎಂಬ ಒಂದೇ ಸಾಲು ಇರುತ್ತದೆ.

ಎರಡನೇ ಡಾಕ್ಟರ್ ಹೇಳಿದ್ದೂ ಸುಳ್ಳಲ್ಲ. 20 ವಾರದಲ್ಲಿ ಕೆಳಗಿರುವ ಮಾಸು ಹೆರಿಗೆ ಹೊತ್ತಿಗೆ 10ರಲ್ಲಿ 9 ಜನರಿಗೆ ಬಾಯಿಂದ ದೂರ ಸರಿದಿರುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಅಷ್ಟಕ್ಕೇ ನಿಲ್ಲಿಸಬಾರದು. ಯಾಕೆ ಎಂದು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಶುರುಮಾಡಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಬಂದಿದ್ದಳು. ಐದನೇ ತಿಂಗಳಲ್ಲಿ ಅವಳ ಮಾಸು ಕೆಳಗಿತ್ತು. ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ‘ಈಗ ಮೇಲಿದೆ’ ಎಂದು ಬರೆದಿದ್ದರು. ನಮಗೆಲ್ಲ ಸಮಾಧಾನ. ನೋವು ಚೆನ್ನಾಗಿ ಬರುತ್ತಿತ್ತು. ಹೆರಿಗೆ ಬೇಗ ಆಗಲಿ ಎಂದು ನೀರುಚೀಲ ಒಡೆದೆವು. ನೀರಿನ ಜೊತೆ ಕೆಂಪು ರಕ್ತ ಬಂತು. ಜಾಸ್ತಿ ಏನಲ್ಲ. ತಾಯಿಯ ನಾಡಿ, ಬಿಪಿ ಎಲ್ಲ ಸರಿಯಾಗೇ ಇತ್ತು. ಮಗುವಿನ ಎದೆಬಡಿತ ಮಾತ್ರ ನೋಡನೋಡುತ್ತಿದ್ದಂತೆ ಇಳಿಯಿತು. ಆಪರೇಷನ್ ಥಿಯೇಟರ್ ತಲುಪುವ ಹೊತ್ತಿಗೆ ತಡವಾಗಿತ್ತು. ಆಮೇಲೆ ನಾನು ಆ ಮಾಸನ್ನು ತಟ್ಟೆಯಲ್ಲಿ ಹರಡಿ ನೋಡಿದೆ. ತೆಳ್ಳಗಿನ ಪೊರೆಯ ಮೇಲೆ ಒಂದು ರಕ್ತನಾಳ ಹರಿದಿತ್ತು. ಸುರಿದದ್ದು ತಾಯಿಯ ರಕ್ತ ಅಲ್ಲ, ಮಗುವಿನದು. ಮೂರು ಕೆ.ಜಿ. ಮಗುವಿನ ಮೈಯಲ್ಲಿ ಇರುವ ರಕ್ತ ಎಲ್ಲ ಸೇರಿ ಸುಮಾರು 250 ಮಿ.ಲೀ. ಒಂದು ದೊಡ್ಡ ಲೋಟ ತುಂಬುವಷ್ಟು. ಅಂದಿನಿಂದ ‘ಮಾಸು ಮೇಲೆ ಹೋಗಿದೆ’ ಎಂಬ ಮಾತು ಕೇಳಿದರೆ ನಾನು ಇನ್ನೊಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಹೋಗುವಾಗ ಹಿಂದೆ ಏನಾದರೂ ಬಿಟ್ಟು ಹೋಗಿದೆಯಾ?

ಮಾಸು ನಡೆದುಕೊಂಡು ಮೇಲೆ ಹೋಗುವುದಿಲ್ಲ. ಗರ್ಭಕೋಶದ ಕೆಳಭಾಗ ತಿಂಗಳು ಕಳೆದಂತೆ ಉದ್ದವಾಗಿ ಹಿಗ್ಗುತ್ತದೆ, ಅದರಿಂದ ಮಾಸಿಗೂ ಬಾಯಿಗೂ ದೂರ ಹೆಚ್ಚುತ್ತದೆ. ಜೊತೆಗೆ ರಕ್ತ ಕಡಿಮೆ ಸಿಗುವ ಕೆಳಗಿನ ಅಂಚು ಸೊರಗಿ ಕರಗುತ್ತದೆ, ಚೆನ್ನಾಗಿ ಸಿಗುವ ಮೇಲಿನ ಕಡೆ ಬೆಳೆಯುತ್ತದೆ. ಅಂಚು ಕರಗಿದರೂ ಅದರಲ್ಲಿ ಓಡುತ್ತಿದ್ದ ಮಗುವಿನ ರಕ್ತನಾಳ ಕೆಲವೊಮ್ಮೆ ಅಲ್ಲೇ ಉಳಿದುಬಿಡುತ್ತದೆ. ಸುತ್ತ ಮಾಸಿಲ್ಲ, ಬರೀ ಪೊರೆ. ಅಂಥ ನಾಳ ಬಾಯಿಯ ಮೇಲೋ ಅದರ ತೀರಾ ಹತ್ತಿರವೋ ಹಾದುಹೋದರೆ ಅದಕ್ಕೇ ವಾಸಾ ಪ್ರೀವಿಯಾ ಎನ್ನುವುದು.

ಹೊಕ್ಕುಳಬಳ್ಳಿಯಲ್ಲಿ ಮೂರು ರಕ್ತನಾಳ ಇರುತ್ತವೆ. ಅವುಗಳ ಸುತ್ತ ದಪ್ಪ ಅಂಟಿನಂಥ ಲೋಳೆ ಇರುತ್ತದೆ. ಮಗು ಒದ್ದರೂ ಹೊರಳಿದರೂ ನಾಳ ಜಜ್ಜಿಹೋಗದಂತೆ ಅದೇ ಕಾಯುವುದು. ಸಾಮಾನ್ಯವಾಗಿ ಬಳ್ಳಿ ಮಾಸಿನ ನಡುವಿಗೆ ಬಂದು ಸೇರುತ್ತದೆ. ವೆಲಮೆಂಟಸ್ ಎಂದರೆ ಬಳ್ಳಿ ಮಾಸು ಮುಟ್ಟುವ ಮೊದಲೇ ಪೊರೆಯ ಮೇಲೆ ಬಿಚ್ಚಿಕೊಂಡು, ಅಲ್ಲಿಂದ ಬೆತ್ತಲೆ ನಾಳಗಳು ಮಾಸಿನವರೆಗೆ ಹರಿಯುವುದು. ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹೊಡೆಯಲು ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಎಳೆಯುತ್ತೀರಲ್ಲ, ಹಾಗೆ ನೆಲದ ಮೇಲೆ ಬಿದ್ದಿರುವ ಪೈಪು ಎಂದುಕೊಳ್ಳಿ. ಗಿಡದ ಸಾಲಿನ ಮಧ್ಯೆ ಬಿದ್ದಿದ್ದರೆ ಯಾವ ಅಪಾಯವೂ ಇಲ್ಲ. ಜೀಪು ಓಡಾಡುವ ದಾರಿಗೆ ಅಡ್ಡ ಬಿದ್ದಿದ್ದರೆ ಕಷ್ಟ.

ಒಂಟಿ ಮಗುವಿನ ಬಸಿರಿನಲ್ಲಿ ವೆಲಮೆಂಟಸ್ ಸುಮಾರು 100ಕ್ಕೆ ಒಬ್ಬರಲ್ಲಿ ಕಾಣುತ್ತದೆ. ಅವಳಿ ಇದ್ದರೆ ಇನ್ನೂ ಜಾಸ್ತಿ. ವಾಸಾ ಪ್ರೀವಿಯಾ ಮಾತ್ರ ಸುಮಾರು 2,500 ಬಸಿರಿಗೆ ಒಂದು. ಅಂದರೆ ವೆಲಮೆಂಟಸ್ ಇರುವ ಹೆಚ್ಚಿನವರಲ್ಲಿ ಪೈಪು ದಾರಿಗೆ ಅಡ್ಡ ಇರುವುದಿಲ್ಲ. ನಿಮ್ಮಲ್ಲಿ ನನಗೆ ಕಾಳಜಿ ಯಾಕೆ ಅಂದರೆ, ದೊಡ್ಡ ಮಾಸು ಹಿಂದಿನ ಗೋಡೆಯಲ್ಲಿದೆ, ಚಿಕ್ಕ ತುಂಡು ಮುಂದಿನ ಗೋಡೆಯಲ್ಲಿದೆ. ಆ ಚಿಕ್ಕ ತುಂಡಿಗೂ ರಕ್ತ ಹೋಗಲೇಬೇಕಲ್ವಾ? ಎರಡರ ನಡುವೆ ಓಡುವ ನಾಳಗಳು ಯಾವ ದಾರಿ ಹಿಡಿದಿವೆ ಎಂಬುದೇ ಈಗಿನ ಪ್ರಶ್ನೆ. ಮೇಲಿನಿಂದಲೋ ಪಕ್ಕದಿಂದಲೋ ಸುತ್ತಿ ಬಂದಿದ್ದರೆ ಚಿಂತೆಯಿಲ್ಲ. ಕೆಳಗಿನಿಂದ ಬಂದಿದ್ದರೆ ಬಾಯಿಯ ಮೇಲೇ ಹಾದಿರುತ್ತವೆ.

ಇದನ್ನು ಹೊಟ್ಟೆಯ ಮೇಲಿನಿಂದ ನೋಡಿ ಖಚಿತವಾಗಿ ಹೇಳುವುದು ಕಷ್ಟ. ಮಗುವಿನ ತಲೆ ಅಡ್ಡ ಬರುತ್ತದೆ. ಒಳಗಿನಿಂದ, ಅಂದರೆ ಯೋನಿಯೊಳಗೆ ಕಡ್ಡಿಯಂಥ ಸಾಧನ ಇಟ್ಟು ಮಾಡುವ ಸ್ಕ್ಯಾನ್ ಬೇಕೇ ಬೇಕು, ಅದೂ ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ. ಹೆದರಬೇಡಿ. ಆ ಕಡ್ಡಿ ಗರ್ಭಕೋಶದ ಬಾಯೊಳಗೆ ಹೋಗುವುದಿಲ್ಲ. ಬಾಯಿಗೆ ಮುಟ್ಟದೆ, ಎರಡು ಮೂರು ಸೆಂಟಿಮೀಟರ್ ಈಚೆ ನಿಲ್ಲುತ್ತದೆ. ರಕ್ತಸ್ರಾವ ಆಗುತ್ತಿರುವವರಲ್ಲೂ ಇದು ಸುರಕ್ಷಿತ. ಅಪಾಯ ಇರುವುದು ಬೆರಳು ಹಾಕಿ ಪರೀಕ್ಷೆ ಮಾಡುವುದರಲ್ಲಿ. ಹಾಗಾಗಿ ನಿಮ್ಮ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಒಳ ಪರೀಕ್ಷೆ ಬೇಡ, ವಾಸಾ ಪ್ರೀವಿಯಾ ಶಂಕೆ’ ಎಂದು ಈಗಲೇ ಬರೆಸಿಕೊಳ್ಳಿ. ರಾತ್ರಿ ಪಾಳಿಯಲ್ಲಿ ನಿಮ್ಮನ್ನು ನೋಡುವ ನರ್ಸಿಗೆ ನಿಮ್ಮ ಕತೆ ಗೊತ್ತಿರುವುದಿಲ್ಲ.

ಸ್ಕ್ಯಾನ್‌ಗೆ ಮೊದಲು ಮೂತ್ರ ಮಾಡಿಕೊಂಡು ಹೋಗಿ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶದ ಕೆಳಭಾಗ ಒತ್ತಿಹೋಗಿ, ಮಾಸು ಇರುವುದಕ್ಕಿಂತ ಕೆಳಗೆ ಕಾಣುತ್ತದೆ. ಬಾಯಿಯ ಹತ್ತಿರ ಒಂದು ಬಣ್ಣದ ಗೆರೆ ಕಂಡಿತು ಎಂದುಕೊಳ್ಳಿ. ಡಾಪ್ಲರ್‌ನಲ್ಲಿ ಕೆಂಪು ನೀಲಿ ಬಣ್ಣ ರಕ್ತ ಯಾವ ಕಡೆ ಓಡುತ್ತಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಅದು ಯಾರ ರಕ್ತ ಎಂದು ತಿಳಿಯಲು ಬಡಿತ ಎಣಿಸಬೇಕು. ನಿಮಿಷಕ್ಕೆ 140 ಬಡಿದರೆ ಮಗುವಿನ ನಾಳ, 80 ಬಡಿದರೆ ನಿಮ್ಮದು. ಮಗುವಿನದೇ ಆದರೂ ಅಲ್ಲಿಗೆ ಮುಗಿಯಲಿಲ್ಲ. ಹೊಕ್ಕುಳಬಳ್ಳಿಯದೇ ಒಂದು ಸುತ್ತು ಕೆಳಗೆ ಇಳಿದು ಕೂತಿರಬಹುದು. ಆಗ ನಿಮ್ಮನ್ನು ಮಗ್ಗುಲಾಗಲು, ಸ್ವಲ್ಪ ಓಡಾಡಿ ಬರಲು ಹೇಳುತ್ತಾರೆ. ಬಳ್ಳಿಯಾದರೆ ಜಾಗ ಬದಲಾಯಿಸುತ್ತದೆ. ಪೊರೆಗೆ ಅಂಟಿದ ನಾಳ ಎಷ್ಟು ಸಲ ನೋಡಿದರೂ ಅಲ್ಲೇ ಇರುತ್ತದೆ. ಡಾಕ್ಟರ್ ‘ಹೊರಗೆ ಓಡಾಡಿ ಬನ್ನಿ’ ಎಂದರೆ ಬೇಸರ ಪಡಬೇಡಿ. ಅವರು ಆತುರ ಮಾಡುತ್ತಿಲ್ಲ ಎಂದೇ ಅರ್ಥ.

ಮೊದಲೇ ಗೊತ್ತಾಗುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಗೊತ್ತಾ? 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾಸಾ ಪ್ರೀವಿಯಾ ಇದ್ದ 155 ಬಸಿರುಗಳನ್ನು ನೋಡಿದ್ದರು. ಹೊಟ್ಟೆಯಲ್ಲಿದ್ದಾಗಲೇ ಸ್ಕ್ಯಾನಿನಲ್ಲಿ ಗೊತ್ತಾಗಿದ್ದ ಮಕ್ಕಳಲ್ಲಿ 100ಕ್ಕೆ 97 ಬದುಕಿದವು. ಗೊತ್ತಾಗದೇ ಹೆರಿಗೆಗೆ ಬಂದವುಗಳಲ್ಲಿ 44 ಮಾತ್ರ. ಕಾಯಿಲೆ ಒಂದೇ. ಮೊದಲೇ ಒಬ್ಬರು ನೋಡಿದ್ದರು ಎಂಬುದಷ್ಟೇ ಬೇರೆ. ಇದಕ್ಕೆ ಯಾವ ಮಾತ್ರೆಯೂ ಇಲ್ಲ, ಹೊಟ್ಟೆಯೊಳಗೆ ಸರಿಪಡಿಸುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ. ನೋವು ಬರುವ ಮೊದಲು, ನೀರು ಒಡೆಯುವ ಮೊದಲು ಸಿಸೇರಿಯನ್ ಮಾಡಿ ಮಗುವನ್ನು ತೆಗೆದರೆ ಆಯಿತು.

ಇನ್ನು ನಿಮ್ಮ ಹಳೆಯ ಆಪರೇಷನ್ ಗಾಯದ ವಿಷಯ. ಇದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮುಂಭಾಗದ ಆ ಚಿಕ್ಕ ತುಂಡು ಹೊಲಿಗೆಯ ಗಾಯದ ಮೇಲೆ ಕೂತಿದೆಯಾ ಎಂದು ನೋಡಿಸಬೇಕು. ತೋಟದ ಮರಕ್ಕೆ ಮೆಣಸಿನ ಬಳ್ಳಿ ಹತ್ತಿರುತ್ತದಲ್ಲ, ಅದು ತೊಗಟೆಯನ್ನು ಹಿಡಿದುಕೊಂಡಿರುತ್ತದೆ ಅಷ್ಟೇ. ಎಳೆದರೆ ಬಿಟ್ಟು ಬರುತ್ತದೆ. ಸರಿಯಾದ ಮಾಸು ಹಾಗಿರುತ್ತದೆ. ಬಂದಳಿಕೆ ಹಾಗಲ್ಲ, ಕೊಂಬೆಯ ಒಳಗೇ ಬೇರು ಇಳಿಸುತ್ತದೆ. ತೆಗೆಯಬೇಕೆಂದರೆ ಕೊಂಬೆಯನ್ನೇ ಕಡಿಯಬೇಕು. ಗಾಯದ ಜಾಗದಲ್ಲಿ ಒಳಪದರ ಸವೆದಿರುವುದರಿಂದ ಮಾಸು ಕೆಲವೊಮ್ಮೆ ಬಂದಳಿಕೆಯಂತೆ ಗರ್ಭಕೋಶದ ಮಾಂಸದೊಳಗೆ ಇಳಿಯುತ್ತದೆ. ಅದನ್ನು ಅಕ್ರೀಟಾ ಎನ್ನುತ್ತಾರೆ. ಹೆರಿಗೆಯಲ್ಲಿ ಅದನ್ನು ಕೀಳಲು ಹೋದರೆ ಹೊಳೆಯಂತೆ ರಕ್ತ ಹೋಗುತ್ತದೆ. ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ.

ಇದರ ಲೆಕ್ಕ ನಮ್ಮೆಲ್ಲರ ಕಣ್ಣು ತೆರೆಸಬೇಕು. ಮಾಸು ಬಾಯಿ ಮುಚ್ಚಿ ಕೂತಿರುವವರಲ್ಲಿ, ಹಿಂದೆ ಸಿಸೇರಿಯನ್ ಆಗಿರದಿದ್ದರೆ ಅಕ್ರೀಟಾ 100ಕ್ಕೆ 3. ಒಂದು ಸಿಸೇರಿಯನ್ ಆಗಿದ್ದರೆ 11. ಎರಡಾಗಿದ್ದರೆ 40. ಮೂರಾಗಿದ್ದರೆ 61. ಇದು 2006ರ ಒಂದು ದೊಡ್ಡ ಅಧ್ಯಯನದ ಅಂಕಿ. ನಿಮ್ಮ ಮಾಸು ಬಾಯಿ ಮುಚ್ಚಿಲ್ಲ, ದೊಡ್ಡ ಭಾಗ ಹಿಂದೆ ಇದೆ. ಹಾಗಾಗಿ ಈ ಅಂಕಿ ನೇರವಾಗಿ ನಿಮಗೆ ಹೊಂದುವುದಿಲ್ಲ. ಆದರೂ ನೋಡದೆ ಬಿಡುವ ವಿಷಯ ಅಲ್ಲ.

ನೋಡುವ ಕ್ರಮ ಇಲ್ಲಿ ಬೇರೆ. ಇದಕ್ಕೆ ಮೂತ್ರಕೋಶ ಅರ್ಧ ತುಂಬಿರಬೇಕು, ಆಗಲೇ ಅದರ ಗೋಡೆ ಬಿಳಿ ಗೆರೆಯಾಗಿ ಸ್ಪಷ್ಟವಾಗಿ ಕಾಣುವುದು. ಮಾಸಿನ ಹಿಂದೆ ಸಾಮಾನ್ಯವಾಗಿ ಒಂದು ತೆಳು ಕಪ್ಪು ಗೆರೆ ಇರುತ್ತದೆ. ಅದು ಅಳಿಸಿಹೋಗಿದೆಯಾ? ಗರ್ಭಕೋಶದ ಮಾಂಸ ಒಂದು ಮಿ.ಮೀ.ಗಿಂತ ತೆಳ್ಳಗಾಗಿದೆಯಾ? ಮಾಸಿನೊಳಗೆ ಇಲಿ ಕಡಿದಂತೆ ಅಂಕುಡೊಂಕು ಪೊಟರೆಗಳು ಇದ್ದು, ಅವುಗಳಲ್ಲಿ ರಕ್ತ ಸುಳಿಯುತ್ತಿದೆಯಾ? ಮೂತ್ರಕೋಶದ ಬಿಳಿ ಗೆರೆ ನಡುವೆ ಕಡಿದಿದೆಯಾ? ಯಾವುದೋ ಒಂದು ಲಕ್ಷಣ ಕಂಡಿತೆಂದು ತೀರ್ಮಾನಿಸಬಾರದು, ಎರಡು ಮೂರು ಒಟ್ಟಿಗೆ ಕಂಡಾಗ ಅನುಮಾನ ಗಟ್ಟಿಯಾಗುತ್ತದೆ. ಎಂಆರ್‌ಐ ಮಾಡಿಸಲೇಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಅನುಭವ ಇರುವ ಕೈಯಲ್ಲಿ ಅಲ್ಟ್ರಾಸೌಂಡೇ ಸಾಕು. ಮಾಸು ಹಿಂದಿನ ಗೋಡೆಯಲ್ಲಿದ್ದು ಅಲ್ಲಿ ಅನುಮಾನ ಬಂದರೆ ಎಂಆರ್‌ಐ ಉಪಯೋಗಕ್ಕೆ ಬರುತ್ತದೆ.

ರಿಪೋರ್ಟು ಹಿಡಿದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇನ್ನೂ ಹತ್ತು ಹೆಸರು ಸಿಗುತ್ತವೆ. ಮಾಸಿನಲ್ಲಿ ‘ಲೇಕ್’ (ರಕ್ತ ತುಂಬಿದ ಪೊಟರೆ) ಇದೆ ಎಂದು ಬರೆದದ್ದನ್ನು ನೋಡಿ ಅತ್ತವರನ್ನು ನಾನು ಕಂಡಿದ್ದೇನೆ. ಅದು ಹೆಚ್ಚಾಗಿ ಏನೂ ಅಲ್ಲ. ಕೋರಿಯೋಆಂಜಿಯೋಮ ಎಂಬ ರಕ್ತನಾಳದ ಗಡ್ಡೆ ಚಿಕ್ಕದಿದ್ದರೆ ಸುಮ್ಮನೆ ಗಮನಿಸುತ್ತಾ ಹೋಗುತ್ತೇವೆ. ನಾಲ್ಕೈದು ಸೆಂ.ಮೀ.ಗಿಂತ ದೊಡ್ಡದಾದರೆ ಮಗುವಿನ ಹೃದಯದ ಮೇಲೆ ಹೊರೆ ಬೀಳುತ್ತದೆ, ಆಗ ಪದೇ ಪದೇ ಸ್ಕ್ಯಾನ್ ಬೇಕು. ಒಂದು ಮಾತ್ರ ಒತ್ತಿ ಹೇಳುತ್ತೇನೆ. ಮಾಸಿನ ತುಂಬ ನೀರುಗುಳ್ಳೆ ಕಂಡರೆ ಅದನ್ನು ಮುತ್ತುಗರ್ಭ (ಮಾಸು ಗುಳ್ಳೆಗಳ ಗೊಂಚಲಾಗಿ ಬೆಳೆಯುವ ಮೋಲಾರ್ ಬಸಿರು) ಎಂದು ಅವಸರದಲ್ಲಿ ತೆಗೆಸಬೇಡಿ. ಮೆಸೆಂಕೈಮಲ್ ಡಿಸ್‌ಪ್ಲೇಸಿಯಾ ಎಂಬ ಇನ್ನೊಂದು ಅಪರೂಪದ ಸ್ಥಿತಿಯೂ ಹಾಗೇ ಕಾಣುತ್ತದೆ. ಅದರಲ್ಲಿ ಮಗು ಪೂರ್ತಿ ಚೆನ್ನಾಗಿರಬಹುದು. ವರ್ಣತಂತು ಪರೀಕ್ಷೆ ಆಗದೆ ನಿರ್ಧಾರ ಮಾಡುವ ವಿಷಯ ಅಲ್ಲ ಅದು.

ಈಗ ನಿಮ್ಮ ಕ್ಯಾಲೆಂಡರಿಗೆ ಬರೋಣ. ನನಗೆ ನಿಜವಾದ ಚಿಂತೆ ಇರುವುದು ಇಲ್ಲೇ. ಏಪ್ರಿಲ್ ಮೊದಲ ವಾರ 20 ವಾರ ಎಂದರೆ ಮೇ ಕೊನೆಗೆ 28, ಜೂನ್ ಕೊನೆಗೆ 32. ವಾಸಾ ಪ್ರೀವಿಯಾ ಖಚಿತವಾದರೆ ಸಿಸೇರಿಯನ್ ಮಾಡುವುದು ಸಾಮಾನ್ಯವಾಗಿ 34ರಿಂದ 36 ವಾರದ ನಡುವೆ. ಅಂದರೆ ಜುಲೈ ಎರಡನೇ ವಾರದಿಂದ ಕೊನೆಯ ವಾರದೊಳಗೆ. ಅದು ಯಾವ ಹೊತ್ತು ಎಂದು ನಾನು ನಿಮಗೆ ಹೇಳಬೇಕಾ? ಕೊಡಗಿನ ಕಕ್ಕಡ ತಿಂಗಳ ಮಳೆ. ಕಾವೇರಿ ತುಂಬಿದರೆ ಭಾಗಮಂಡಲ–ನಾಪೋಕ್ಲು ರಸ್ತೆ ನೀರಲ್ಲಿ ಮುಳುಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಮೇಲಿನ ಮಂಗಳೂರು ದಾರಿಯೇ ಕಡಿದುಹೋಗಿತ್ತು. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ನಾಳ ಹರಿದ ಮೇಲೆ ಮಗುವಿಗೆ ಇರುವುದು ನಿಮಿಷಗಳ ಲೆಕ್ಕ. 108 ಎಷ್ಟೇ ಬೇಗ ಬಂದರೂ ಆ ದೂರ ಕರಗುವುದಿಲ್ಲ.

ಅದಕ್ಕೇ 32 ವಾರದವರೆಗೆ ಕಾಯಬೇಡಿ. ಮಳೆ ಹಿಡಿಯುವ ಮೊದಲು, ಮೇ ಕೊನೆಗೆ, 28 ವಾರದಲ್ಲೇ ಒಳಗಿನ ಸ್ಕ್ಯಾನ್ ಮಾಡಿಸಿ. ನಾಳ ಬಾಯಿಯಿಂದ ದೂರ ಇದೆ ಎಂದರೂ 32ಕ್ಕೆ ಇನ್ನೊಮ್ಮೆ ನೋಡಿಸಿ. ಬಾಯಿಯ ಮೇಲೇ ಇದೆ ಎಂದಾದರೆ 32 ವಾರದ ಹೊತ್ತಿಗೆ ದೊಡ್ಡ ಆಸ್ಪತ್ರೆಯ ಹತ್ತಿರ ಯಾರಾದರೂ ನೆಂಟರ ಮನೆಗೆ ಹೋಗಿ ಇದ್ದುಬಿಡಿ. ಗರ್ಭಕೋಶದ ಕೊರಳಿನ ಉದ್ದ 25 ಮಿ.ಮೀ.ಗಿಂತ ಕಡಿಮೆಯಾದರೆ, ಆಗಾಗ ನೋವು ಬರುತ್ತಿದ್ದರೆ, ಆಸ್ಪತ್ರೆಯಲ್ಲೇ ಇರಿ ಎಂದು ಹೇಳಬಹುದು, ಒಪ್ಪಿಕೊಳ್ಳಿ. ಹೆರಿಗೆ ಬೇಗ ಆಗುವ ಸೂಚನೆ ಇದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತಾರೆ, 12 ಗಂಟೆಗೊಮ್ಮೆ ನಾಲ್ಕು ಸಲ.

ಯಾವ ಆಸ್ಪತ್ರೆ? ಅಲ್ಲಿ ಮೂರು ಪ್ರಶ್ನೆ ಕೇಳಿ. ರಾತ್ರಿಯೂ ಅರಿವಳಿಕೆ ಡಾಕ್ಟರ್ ಇರುತ್ತಾರಾ? ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಐಸಿಯು ಇದೆಯಾ? ನನ್ನ ಗುಂಪಿನ ರಕ್ತ ಸಿಗುತ್ತಾ, ಮಗುವಿಗೆ ತಕ್ಷಣ ಕೊಡಲು ಓ ನೆಗೆಟಿವ್ ಇರುತ್ತಾ? ಬರೀ ವಾಸಾ ಪ್ರೀವಿಯಾ ಆಗಿದ್ದು ಮಡಿಕೇರಿಯಲ್ಲೇ ಮೂರಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಮೈಸೂರಿಗೆ ಓಡಬೇಕಿಲ್ಲ. ಅಕ್ರೀಟಾ ಅನುಮಾನ ಇದ್ದರೆ ಮಾತ್ರ ಯೋಚಿಸದೆ ಮೈಸೂರು ಅಥವಾ ಮಂಗಳೂರಿಗೆ ಹೋಗಿ. ಅದು ಒಬ್ಬ ಡಾಕ್ಟರ್ ಮಾಡುವ ಆಪರೇಷನ್ ಅಲ್ಲ. ಈಗಿನಿಂದಲೇ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ಹಿಮೋಗ್ಲೋಬಿನ್ 11ರ ಮೇಲೆ ಇರಲಿ.

ಹಾಸಿಗೆ ಹಿಡಿಯಬೇಕಿಲ್ಲ. ಮಲಗಿದ್ದರಿಂದ ನಾಳ ಜಾಗ ಬಿಡುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಬರೀ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಮನೆಯೊಳಗೆ ಆರಾಮಾಗಿ ಓಡಾಡಿ. ಭಾರ ಎತ್ತಬೇಡಿ, ಜೀಪಿನಲ್ಲಿ ತೋಟದ ದಾರಿ ಬೇಡ, ಗಂಡ ಹೆಂಡತಿ ಸೇರುವುದು ಸದ್ಯಕ್ಕೆ ಬೇಡ. ಅತ್ತೆಗೆ ಕಾಳಜಿಯಿಂದಲೇ ಹಾಗೆ ಅನ್ನಿಸಿದೆ. ಮುಂದಿನ ಸ್ಕ್ಯಾನಿಗೆ ಅವರನ್ನೂ ಕರೆದುಕೊಂಡು ಹೋಗಿ, ಪರದೆಯ ಮೇಲೆ ಆ ನಾಳ ಎಲ್ಲಿದೆ ಎಂದು ಡಾಕ್ಟರ್ ತೋರಿಸಲಿ. ಮಗುವಿನ ತೂಕವನ್ನೂ ನಾಲ್ಕು ವಾರಕ್ಕೊಮ್ಮೆ ನೋಡಿಸಿ. ವೆಲಮೆಂಟಸ್ ಇದ್ದಾಗ ಕೆಲವು ಮಕ್ಕಳು ಸ್ವಲ್ಪ ಸಣ್ಣಗೆ ಬೆಳೆಯುತ್ತವೆ.

ಒಂದು ಚಮಚ ರಕ್ತ ಕಂಡರೂ, ನೀರು ಹೋದ ಹಾಗೆ ಅನ್ನಿಸಿದರೂ, ಹೊಟ್ಟೆ ಬಿಗಿದು ಬಿಟ್ಟು ಮಾಡುತ್ತಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ರಿಪೋರ್ಟು ಕೈಯಲ್ಲಿ ಹಿಡಿದು ಹೊರಡಿ.

ನಿಮ್ಮ ತೋಟದ ಲೈನ್‌ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಅವರಿಗೂ ಒಂದು ಮಾತು ಹೇಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಕರೆದುಕೊಂಡು ಹೋಗುತ್ತಾರೆ. 20 ವಾರದ ಸ್ಕ್ಯಾನ್ ಮಾಡುವಾಗ ‘ಹೊಕ್ಕುಳಬಳ್ಳಿ ಮಾಸಿಗೆ ಎಲ್ಲಿ ಸೇರಿದೆ?’ ಎಂದು ಕೇಳಲು ಹೇಳಿ. ಆ ಹೊತ್ತಿಗೆ ಅದನ್ನು ನೋಡಲು ಒಂದೆರಡು ನಿಮಿಷ ಸಾಕು. ಎಂಟನೇ ತಿಂಗಳಲ್ಲಿ ಮಗು ಅಡ್ಡ ಬಂದು ಕಾಣುವುದೇ ಕಷ್ಟ.

ಮೇ ಕೊನೆಯ ಸ್ಕ್ಯಾನ್ ಆದ ಮೇಲೆ ರಿಪೋರ್ಟು ನನಗೆ ಕಳುಹಿಸಿ. ಮಾಸಿನ ಅಂಚಿನ ದೂರ, ಎರಡು ತುಂಡುಗಳ ನಡುವಿನ ನಾಳದ ದಾರಿ, ಹಳೆಯ ಗಾಯದ ಜಾಗ, ಈ ಮೂರರ ಬಗ್ಗೆ ಬರೆದಿದ್ದಾರಾ ಎಂದು ಸ್ಕ್ಯಾನ್ ಕೋಣೆಯಿಂದ ಹೊರಬರುವ ಮೊದಲೇ ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ಅಲ್ಲೇ ಕೂತು ಬರೆಸಿಕೊಂಡು ಬನ್ನಿ.